ಥೇಮ್ಸ್ ನದಿಯಲ್ಲಿ ಲಂಚ್ ಕ್ರೂಸ್: ಅಪ್ಪ ಅಮ್ಮನ ಜೊತೆ ಹೋಗಬಹುದಾ?

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮನನ್ನು ಲಂಡನ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಜೊತೆಗೆ ನನ್ನ ಒಂಬತ್ತು ವರ್ಷದ ಮಗನೂ ಇರುತ್ತಾನೆ. ಅಪ್ಪನಿಗೆ 74, ಅಮ್ಮನಿಗೆ 69. ಅಮ್ಮನಿಗೆ ಮಂಡಿನೋವು. ಸಪಾಟು ರಸ್ತೆಯಲ್ಲಾದರೆ ಹತ್ತು ಹದಿನೈದು ನಿಮಿಷ ನಡೆಯುತ್ತಾರೆ, ಆಮೇಲೆ ಕೂರಲೇಬೇಕು.

ಹಾಗಾಗಿ ಒಂದು ದಿನ ಥೇಮ್ಸ್ ನದಿಯಲ್ಲಿ ಲಂಚ್ ಕ್ರೂಸ್ ಮಾಡಿಸೋಣ ಅಂತ ಯೋಚನೆ. ಕೂತಲ್ಲೇ ಊಟ, ಕೂತಲ್ಲೇ ಊರು ನೋಡಿದ ಹಾಗೂ ಆಗುತ್ತದೆ. ಆದರೆ ನಾಲ್ಕು ಜನರ ಟಿಕೆಟ್ ಸೇರಿದರೆ ದುಡ್ಡು ಸಣ್ಣದಲ್ಲ. ಹೋಗಿ ಬಂದವರು ನಿಜ ಹೇಳಿ. ಸಾರ್ಥಕ ಅನ್ನಿಸಿತಾ? ಅಪ್ಪ ಅಮ್ಮ ಇಬ್ಬರೂ ಸಸ್ಯಾಹಾರಿಗಳು, ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಊಟದ ಕಥೆ ಏನು? ಯಾವ ಕಡೆ ಕೂತರೆ ಚೆನ್ನಾಗಿ ಕಾಣುತ್ತದೆ?

ಇನ್ನೊಂದು ವಿಷಯ. ನದಿ ದಡದಲ್ಲಿ ಬಸವಣ್ಣನವರ ಪುತ್ಥಳಿ ಇದೆಯಲ್ಲ, ಅದು ದೋಣಿಯಿಂದ ಕಾಣುತ್ತದಾ? ಅಪ್ಪ ಇದನ್ನು ಮೂರು ಸಲ ಕೇಳಿದ್ದಾರೆ.

ಹೊಳೆದಂಡೆ

ನಾನು ಲಂಡನ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಊರಿಂದ ಬಂದವರನ್ನು ಈ ಲಂಚ್ ಕ್ರೂಸ್‌ಗೆ ನಾಲ್ಕು ಸಲ ಕರೆದುಕೊಂಡು ಹೋಗಿದ್ದೇನೆ. ಎರಡು ಸಲ ತುಂಬಾ ಚೆನ್ನಾಗಿತ್ತು. ಎರಡು ಸಲ ಬೇಜಾರಾಯಿತು. ದೋಣಿ ಹೆಚ್ಚುಕಡಿಮೆ ಒಂದೇ ಥರದ್ದು, ಊಟವೂ ಅಷ್ಟೇ. ವ್ಯತ್ಯಾಸ ಮಾಡಿದ್ದು ನದಿಯ ನೀರು. ಇದನ್ನು ಟಿಕೆಟ್ ಮಾರುವವರು ಯಾರೂ ಹೇಳುವುದಿಲ್ಲ, ಹಾಗಾಗಿ ನಾನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಥೇಮ್ಸ್ ಲಂಡನ್ ಒಳಗೆ ಹರಿಯುವಾಗ ಅರ್ಧ ನದಿ, ಅರ್ಧ ಸಮುದ್ರ. ಸಮುದ್ರದ ಉಬ್ಬರ ಇಳಿತ ಊರಿನ ಪಶ್ಚಿಮಕ್ಕಿರುವ ಟೆಡಿಂಗ್‌ಟನ್‌ವರೆಗೂ ಬರುತ್ತದೆ. ಲಂಡನ್ ಬ್ರಿಜ್ ಹತ್ತಿರ ದೊಡ್ಡ ಉಬ್ಬರದ ದಿನ ನೀರು ಸುಮಾರು 7 ಮೀಟರ್ ಏರಿ ಇಳಿಯುತ್ತದೆ. ಎರಡು ಮಹಡಿ ಮನೆ ಎತ್ತರ ಅಂದುಕೊಳ್ಳಿ. ಅದೂ ದಿನಕ್ಕೆ ಎರಡು ಸಲ.

ಇದರಿಂದ ನಿಮಗೆ ಆಗುವುದು ಎರಡು. ಒಂದು, ದೋಣಿ ಹತ್ತುವ ಪಿಯರ್ ನೀರಿನ ಮೇಲೆ ತೇಲುತ್ತದೆ. ದಡದಿಂದ ಅದಕ್ಕೆ ಒಂದು ಉದ್ದದ ರ‍್ಯಾಂಪ್ ಇರುತ್ತದೆ. ನೀರು ತುಂಬಿದ್ದಾಗ ಆ ರ‍್ಯಾಂಪ್ ಹೆಚ್ಚುಕಡಿಮೆ ಸಪಾಟು. ನೀರು ಇಳಿದಾಗ ಅದೇ ರ‍್ಯಾಂಪ್ ಕಡಿದಾದ ಇಳಿಜಾರು. ನನ್ನ ಅತ್ತೆ ಅದರಲ್ಲಿ ಇಳಿಯುವಾಗ ಎರಡೂ ಕೈಯಿಂದ ಕಂಬಿ ಹಿಡಿದು, ಅಡ್ಡಡ್ಡ ಹೆಜ್ಜೆ ಇಟ್ಟು ಇಳಿದರು. ಅಷ್ಟು ಹೊತ್ತಿಗೆ ಅವರ ಅರ್ಧ ಉತ್ಸಾಹ ಮುಗಿದಿತ್ತು.

ಎರಡನೆಯದು ನೋಟ. ನೀರು ಇಳಿದಾಗ ದೋಣಿ ಕೆಳಗೆ ಹೋಗುತ್ತದೆ, ದಡದ ಕಲ್ಲಿನ ಗೋಡೆ ಎತ್ತರವಾಗಿ ಎದುರಿಗೆ ನಿಲ್ಲುತ್ತದೆ. ಊಟದ ಹಾಲ್ ಕೆಳಗಿನ ಅಂತಸ್ತಿನಲ್ಲಿದ್ದರೆ ಕಿಟಕಿಯಲ್ಲಿ ಕಾಣುವುದು ಬರೀ ಹಸಿರು ಪಾಚಿ ಹಿಡಿದ ಗೋಡೆ. ನೀರು ತುಂಬಿದ್ದಾಗ ಅದೇ ಕಿಟಕಿಯಿಂದ ರಸ್ತೆ, ಮರ, ಕಟ್ಟಡ ಎಲ್ಲಾ ಕಣ್ಣಿನ ಮಟ್ಟಕ್ಕೆ ಬರುತ್ತದೆ.

ಅದಕ್ಕೇ ಹೇಳುವುದು, ಟಿಕೆಟ್ ಕಾದಿರಿಸುವ ಮುಂಚೆ ಉಬ್ಬರದ ವೇಳಾಪಟ್ಟಿ ನೋಡಿ. ಪೋರ್ಟ್ ಆಫ್ ಲಂಡನ್ ಅಥಾರಿಟಿಯವರು ಪ್ರಕಟಿಸುತ್ತಾರೆ, ಉಚಿತ. ನಿಮ್ಮ ದೋಣಿ ಹೊರಡುವ ಹೊತ್ತಿಗೂ ವಾಪಸ್ ಬರುವ ಹೊತ್ತಿಗೂ ನಡುವೆ ಉಬ್ಬರ ಇರುವ ದಿನ ಹುಡುಕಿ. ಆಗ ಹತ್ತುವಾಗಲೂ ಇಳಿಯುವಾಗಲೂ ಅಮ್ಮನ ಮಂಡಿಗೆ ತೊಂದರೆ ಕಡಿಮೆ.

ತಿರುಗಾಟ

ಹೊಳೆದಂಡೆ ಸರ್ ಹೇಳಿದ್ದು ಸರಿ. ಆದರೂ ನಾನು ಬೇಡ ಅಂತಲೇ ಹೇಳುತ್ತೇನೆ.

ಲಂಚ್ ಕ್ರೂಸ್‌ನಲ್ಲಿ ಊಟವೂ ಪೂರ್ತಿ ಊಟವಾಗುವುದಿಲ್ಲ, ನೋಟವೂ ಪೂರ್ತಿ ನೋಟವಾಗುವುದಿಲ್ಲ. ನಾನು ಹೋದಾಗ ಮೊದಲ ತಟ್ಟೆ ಬಂದದ್ದು ಸರಿಯಾಗಿ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ಎದುರಿಗೆ ಬಂದಾಗ. ತಲೆ ಎತ್ತುವಷ್ಟರಲ್ಲಿ ಗುಮ್ಮಟ ಹಿಂದೆ ಹೋಗಿತ್ತು. ಗಾಜಿನ ಮೇಲೆ ಒಳಗಿನ ದೀಪದ ಪ್ರತಿಬಿಂಬ, ತೆಗೆದ ಫೋಟೋಗಳಲ್ಲೆಲ್ಲ ಪಕ್ಕದ ಟೇಬಲ್‌ನವರ ಮುಖ. ಕಿಟಕಿ ಪಕ್ಕದ ಟೇಬಲ್‌ಗೆ ಬೇರೆ ದರ. ಇಬ್ಬರಿಗೆ ನೂರು ಪೌಂಡ್ ಹತ್ತಿರ ಹೋಯಿತು.

ಅದರ ಬದಲು ಊಬರ್ ಬೋಟ್ ಬೈ ಥೇಮ್ಸ್ ಕ್ಲಿಪ್ಪರ್ಸ್ ಅಂತ ದಿನಾ ಓಡಾಡುವ ದೋಣಿ ಇದೆ. ಅಲ್ಲಿನ ಜನ ಕೆಲಸಕ್ಕೆ ಹೋಗುವುದೇ ಅದರಲ್ಲಿ. ಬಸ್ಸು, ರೈಲಿಗೆ ಬಳಸುವ ಆಯ್‌ಸ್ಟರ್ ಕಾರ್ಡ್ ಅಥವಾ ಬ್ಯಾಂಕ್ ಕಾರ್ಡ್ ಮುಟ್ಟಿಸಿದರೆ ಸಾಕು. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಹತ್ತಿ ಗ್ರೀನಿಚ್‌ನಲ್ಲಿ ಇಳಿಯಿರಿ. ಅದೇ ನದಿ, ಅದೇ ಸೇತುವೆಗಳು. ಗ್ರೀನಿಚ್‌ನಲ್ಲಿ ಇಳಿದ ತಕ್ಷಣ 1869ರ ಹಾಯಿ ಹಡಗು ಕಟ್ಟಿ ಸಾರ್ಕ್ ಕಣ್ಣೆದುರಿಗೆ ನಿಂತಿರುತ್ತದೆ. ಅಲ್ಲೇ ನೆಮ್ಮದಿಯಾಗಿ ಊಟ ಮಾಡಬಹುದು. ಉಳಿದ ದುಡ್ಡಿನಲ್ಲಿ ಇನ್ನೊಂದು ದಿನ ಟ್ಯಾಕ್ಸಿ ಆಗುತ್ತದೆ. ಮಂಡಿನೋವಿದ್ದವರಿಗೆ ಟ್ಯಾಕ್ಸಿಯೇ ದೊಡ್ಡ ಉಪಕಾರ, ಅಲ್ವಾ?

ಸಂಜೆಮಲ್ಲಿಗೆ

ಇಬ್ಬರಿಗೂ ಧನ್ಯವಾದ. ನೀರು ಏರಿ ಇಳಿಯುವ ವಿಷಯ ನನಗೆ ಗೊತ್ತೇ ಇರಲಿಲ್ಲ. ತಿರುಗಾಟ ಅವರೇ, ದಿನಾ ಓಡಾಡುವ ದೋಣಿಯಲ್ಲಿ ಕೂರಲು ಜಾಗ ಸಿಗುತ್ತದಾ? ಟಾಯ್ಲೆಟ್ ಇದೆಯಾ? ಅಪ್ಪನಿಗೆ ಅದು ಮುಖ್ಯ.

ತಿರುಗಾಟ

ಎರಡೂ ಇದೆ. ಚಹಾ ಕಾಫಿಯೂ ಸಿಗುತ್ತದೆ.

ಹೊಳೆದಂಡೆ

ಇದೆ, ಆದರೆ ಒಂದು ಮಾತು. ಶನಿವಾರ ಭಾನುವಾರ ಬಿಸಿಲು ಬಂದರೆ ಪಿಯರ್ ಮೇಲೆ ದೊಡ್ಡ ಸಾಲು. ಸಾಲಿನಲ್ಲಿ ನಿಲ್ಲುವುದು ಅಮ್ಮನಿಗೆ ಕಷ್ಟ. ನಿಲ್ದಾಣ ನಿಲ್ದಾಣಕ್ಕೂ ಜನ ಹತ್ತಿ ಇಳಿಯುತ್ತಾರೆ. ಟವರ್ ಬ್ರಿಜ್ ದಾಟಿ ಸ್ವಲ್ಪ ಮುಂದೆ ಹೋದ ಮೇಲೆ ವೇಗವೂ ಜಾಸ್ತಿ, ಮಕ್ಕಳಿಗೆ ಇಷ್ಟವಾಗುತ್ತದೆ, ಹಿರಿಯರಿಗೆ ಎಲ್ಲರಿಗೂ ಅಲ್ಲ. ಏನು ಕಟ್ಟಡ, ಏನು ಸೇತುವೆ ಅಂತ ಹೇಳುವವರೂ ಇರುವುದಿಲ್ಲ.

ಇಬ್ಬರು ಗಟ್ಟಿ ಆಳುಗಳಾದರೆ ತಿರುಗಾಟ ಅವರ ದಾರಿಯೇ ಸರಿ, ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿ ವಿಷಯ ಬೇರೆ. ಎರಡು ಗಂಟೆ ಅಲುಗದೆ ಒಂದೇ ಟೇಬಲ್, ನಾಲ್ಕು ಜನ ಎದುರುಬದುರು, ಚೀಲ ಇಡಲು ಜಾಗ, ಹತ್ತು ಹೆಜ್ಜೆಗೆ ಟಾಯ್ಲೆಟ್. ವಯಸ್ಸಾದವರ ಪ್ರವಾಸದಲ್ಲಿ ಇದಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ. ನನ್ನ ಅಮ್ಮ ಬಂದಿದ್ದಾಗ ಮೂರು ವಾರ ಊರೆಲ್ಲ ಸುತ್ತಿಸಿದೆ. ಈಗಲೂ ಅವರು ನೆನಪಿಸಿಕೊಳ್ಳುವುದು ಆ ದೋಣಿಯನ್ನು ಮಾತ್ರ. ಅವತ್ತು ಯಾರೂ ಅವರನ್ನು ಅವಸರ ಮಾಡಲಿಲ್ಲ.

ತಟ್ಟೆ ಮತ್ತು ಗುಮ್ಮಟದ ಜಗಳಕ್ಕೆ ನಾನು ಮಾಡುವ ಉಪಾಯ ಹೇಳುತ್ತೇನೆ. ದೋಣಿ ಒಂದು ದಿಕ್ಕಿಗೆ ಹೋಗಿ, ತಿರುಗಿ, ಅದೇ ದಾರಿಯಲ್ಲಿ ಬರುತ್ತದೆ. ಹೋಗುವಾಗ ಊಟ, ಬರುವಾಗ ನೋಟ. ಮುಖ್ಯ ಊಟ ಮುಗಿದ ತಕ್ಷಣ ಮೇಲಿನ ಡೆಕ್‌ಗೆ ಹೋಗಿ, ಸಿಹಿ ತಿಂಡಿಗಾಗಿ ಕಾಯುತ್ತಾ ಕೂರಬೇಡಿ. ಯಾವ ಕಡೆ ಕೂರುವುದು ಅನ್ನುವ ಚಿಂತೆಯೂ ಬೇಡ. ಹೋಗುವಾಗ ಎಡಕ್ಕಿದ್ದ ದಡ ಬರುವಾಗ ಬಲಕ್ಕೆ ಇರುತ್ತದೆ.

ಕಾಜಾಣ

ಊಟದ ಬಗ್ಗೆ ನಾನು ಹೇಳುತ್ತೇನೆ, ನಮ್ಮ ಮನೆಯಲ್ಲೂ ಮೊಟ್ಟೆ ಇಲ್ಲ.

ಸಸ್ಯಾಹಾರದ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಆದರೆ ಅಲ್ಲಿ ವೆಜಿಟೇರಿಯನ್ ಅಂದರೆ ಮೊಟ್ಟೆ ಸೇರಿರಬಹುದು. ಕೇಕು, ಪುಡ್ಡಿಂಗ್, ಪಾಸ್ತಾ, ಮೇಯೊನೇಸ್ ಯಾವುದರಲ್ಲಾದರೂ ಬರಬಹುದು. ಚೀಸ್‌ನಲ್ಲಿ ಹಾಲು ಒಡೆಯಲು ಕೆಲವರು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ನಿಜವಾದ ಪಾರ್ಮೆಸಾನ್ ಮಾಡುವುದೇ ಹಾಗೆ. ಜೆಲ್ಲಿ, ಮೂಸ್ ಥರದ ಸಿಹಿಯಲ್ಲಿ ಜೆಲಟಿನ್ ಇರಬಹುದು, ಅದು ಪ್ರಾಣಿಯ ಮೂಳೆ ಚರ್ಮದ್ದು. ಹಾಗಾಗಿ ಅಮ್ಮನಿಗೆ ಸುಮ್ನೆ ವೀಗನ್ ಊಟ ಬರೆಸಿಬಿಡಿ. ಮೊಸರು ಬೆಣ್ಣೆ ತಪ್ಪುತ್ತದೆ, ಆದರೆ ಅನುಮಾನವೂ ತಪ್ಪುತ್ತದೆ. ಪ್ರತಿ ತುತ್ತಿಗೂ ಇದರಲ್ಲಿ ಏನಿದೆ ಅಂತ ಕೇಳುತ್ತಾ ಕೂತರೆ ಅವರಿಗೆ ಊಟ ಇಳಿಯುವುದಿಲ್ಲ.

ಟಿಕೆಟ್ ಕಾದಿರಿಸುವಾಗಲೇ ಬರೆಸಬೇಕು. ದೋಣಿ ಹೊರಟ ಮೇಲೆ ಹೊಸದಾಗಿ ಅಡುಗೆ ಮಾಡುವ ಅನುಕೂಲ ಜಾಸ್ತಿ ಇರುವುದಿಲ್ಲ. ಎರಡು ದಿನ ಮುಂಚೆ ಇಮೇಲ್ ಮಾಡಿ ಮತ್ತೊಮ್ಮೆ ಖಚಿತ ಮಾಡಿಕೊಳ್ಳಿ, ಆ ಉತ್ತರವನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಊಟ ಸಪ್ಪೆ ಇರುತ್ತದೆ. ಹೊಟ್ಟೆ ತುಂಬುತ್ತದೆ, ಅಷ್ಟೇ. ಬೆಳಿಗ್ಗೆ ಗಟ್ಟಿ ತಿಂಡಿ ತಿಂದು ಹೋಗಿ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿದೆಯಾ ಅಂತಲೂ ನೋಡಿ. ಲಂಡನ್ ಹೋಟೆಲ್‌ಗಳಲ್ಲಿ 12.5 ಶೇಕಡಾ ಸೇರಿಸುವುದು ವಾಡಿಕೆ.

ನಕಾಶೆ

ಈಗ ನದಿಯ ಮೇಲೆ ಏನು ನೋಡಬೇಕು ಅನ್ನುವುದು. ನನಗೆ ಈ ನದಿ ಅಂದರೆ ಪ್ರಾಣ, ಕ್ಷಮಿಸಿ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಸೇತುವೆಗಳ ಬಣ್ಣ ನೋಡಲು ಮಗನಿಗೆ ಹೇಳಿ. ವೆಸ್ಟ್‌ಮಿನ್‌ಸ್ಟರ್ ಸೇತುವೆ ಹಸಿರು. ಪಾರ್ಲಿಮೆಂಟ್‌ನ ಕೆಳಮನೆಯ ಸೀಟುಗಳ ಬಣ್ಣ ಅದು. ಅದರ ಮುಂದಿನ ಲ್ಯಾಂಬೆತ್ ಸೇತುವೆ ಕೆಂಪು, ಮೇಲ್ಮನೆಯ ಸೀಟುಗಳ ಬಣ್ಣ. ಬಿಗ್ ಬೆನ್ ಅನ್ನುವುದು ಗೋಪುರದ ಹೆಸರಲ್ಲ, ಒಳಗಿನ ದೊಡ್ಡ ಗಂಟೆಯದು. ಗೋಪುರಕ್ಕೆ 2012ರಿಂದ ಎಲಿಜಬೆತ್ ಟವರ್ ಅಂತ ಹೆಸರು.

ಅಲ್ಲಿಂದ ಪೂರ್ವಕ್ಕೆ ಹೊರಟರೆ ಎಡಗಡೆ ಕಲ್ಲಿನ ಗೋಡೆಯ ಉದ್ದಕ್ಕೂ ಕಂಚಿನ ಸಿಂಹದ ಮುಖಗಳಿವೆ. ಪ್ರತಿಯೊಂದರ ಬಾಯಲ್ಲೂ ದೋಣಿ ಕಟ್ಟುವ ಬಳೆ. ಸಿಂಹ ನೀರು ಕುಡಿದರೆ ಲಂಡನ್ ಮುಳುಗುತ್ತದೆ ಅಂತ ಅಲ್ಲಿನ ಜನ ಹೇಳುತ್ತಾರೆ. ಆ ಗೋಡೆಯದೇ ಒಂದು ದೊಡ್ಡ ಕಥೆ. 1858ರ ಬೇಸಿಗೆಯಲ್ಲಿ ಊರಿನ ಕೊಳಚೆಯೆಲ್ಲ ಈ ನದಿಗೆ ಬಿದ್ದು ಎಂಥ ನಾತ ಎದ್ದಿತ್ತು ಅಂದರೆ, ಪಾರ್ಲಿಮೆಂಟ್‌ನ ಪರದೆಗಳನ್ನು ಸುಣ್ಣದ ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿ ತೂಗುಹಾಕಿದ್ದರು. ಆಮೇಲೆ ಜೋಸೆಫ್ ಬಜಲ್‌ಗೆಟ್ ಅನ್ನುವ ಎಂಜಿನಿಯರ್ ಊರಿನಡಿ ದೊಡ್ಡ ಒಳಚರಂಡಿ ಕಟ್ಟಿಸಿದರು. 1870ರಲ್ಲಿ ಮುಗಿದ ಈ ವಿಕ್ಟೋರಿಯಾ ದಂಡೆಯ ಒಳಗೆ ಆ ಚರಂಡಿಯ ಒಂದು ಮುಖ್ಯ ಕೊಳವೆ ಹೋಗುತ್ತದೆ. ನೀವು ನೋಡುವ ಮರ, ರಸ್ತೆ, ತೋಟ ಎಲ್ಲ ಮೊದಲು ನದಿಯ ಕೆಸರು.

ನೀರು ಕಂದು ಬಣ್ಣ ಅಂತ ಕೊಳಕು ಅಂದುಕೊಳ್ಳಬೇಡಿ, ಅದು ಉಬ್ಬರ ಇಳಿತಕ್ಕೆ ಏಳುವ ಮಣ್ಣು. 1957ರಲ್ಲಿ ಈ ನದಿ ಸತ್ತಿದೆ ಅಂತ ಘೋಷಿಸಿದ್ದರು. ಈಗ ನೂರಕ್ಕೂ ಜಾಸ್ತಿ ಜಾತಿಯ ಮೀನು, ಸೀಲ್‌ಗಳು ಸಹ ಇವೆ. ಸತ್ತ ನದಿಯನ್ನು ಜನ ಮತ್ತೆ ಬದುಕಿಸಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಡ.

ವಾಟರ್‌ಲೂ ಸೇತುವೆ ನೋಡಲು ಸಾದಾ. ಎರಡನೇ ಮಹಾಯುದ್ಧದ ಕಾಲದಲ್ಲಿ ಗಂಡಸರು ಯುದ್ಧಕ್ಕೆ ಹೋದಾಗ ಅದರ ಕೆಲಸದಲ್ಲಿ ಬಹಳ ಮಂದಿ ಹೆಂಗಸರು ದುಡಿದರು. ಅದಕ್ಕೆ ಹೆಂಗಸರ ಸೇತುವೆ ಅನ್ನುವ ಹೆಸರೂ ಇದೆ. ಅಮ್ಮನಿಗೆ ಇದನ್ನು ಖಂಡಿತ ಹೇಳಿ.

ಮುಂದೆ ಉಕ್ಕಿನ ಹಗ್ಗದ ಮಿಲೆನಿಯಂ ಸೇತುವೆ, ನಡೆಯುವವರಿಗೆ ಮಾತ್ರ. 2000ದ ಜೂನ್‌ನಲ್ಲಿ ತೆರೆದ ದಿನವೇ ಜನರ ಹೆಜ್ಜೆಗೆ ತೂಗಾಡಿ, ಎರಡೇ ದಿನಕ್ಕೆ ಮುಚ್ಚಿ, 2002ರಲ್ಲಿ ಮತ್ತೆ ತೆರೆದರು. 2023ರಲ್ಲಿ ಅದರ ದುರಸ್ತಿ ನಡೆಯುವಾಗ ಕೆಳಗೆ ಒಂದು ಹುಲ್ಲಿನ ಪಿಂಡಿ ನೇತುಹಾಕಿದ್ದರು. ಸೇತುವೆಯಡಿ ಎತ್ತರ ಕಡಿಮೆಯಾಗಿದೆ, ಹುಷಾರು ಅಂತ ದೋಣಿಯವರಿಗೆ ಹೇಳುವ ಹಳೇ ಕಾಲದ ಕಾನೂನು ಅದು, ಈಗಲೂ ಪಾಲಿಸುತ್ತಾರೆ. ಆ ಸೇತುವೆಯ ಒಂದು ತುದಿಗೆ ಸೇಂಟ್ ಪಾಲ್ಸ್, ಇನ್ನೊಂದು ತುದಿಗೆ ಹಳೇ ವಿದ್ಯುತ್ ಸ್ಥಾವರದಲ್ಲಿ ಮಾಡಿದ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯ. ಪಕ್ಕದಲ್ಲೇ ಬಿಳಿ ಗೋಡೆ, ಹುಲ್ಲಿನ ಮಾಡಿನ ಗ್ಲೋಬ್ ನಾಟಕಶಾಲೆ. ಶೇಕ್ಸ್‌ಪಿಯರ್ ಕಾಲದ್ದು 1613ರಲ್ಲಿ ಸುಟ್ಟುಹೋಯಿತು, ಈಗಿರುವುದು 1997ರದ್ದು.

ಲಂಡನ್ ಬ್ರಿಜ್ ಬಂದಾಗ ಎಲ್ಲರೂ ಇದೇನಾ ಅನ್ನುತ್ತಾರೆ. ಈಗಿರುವುದು 1973ರ ಸಾದಾ ಕಾಂಕ್ರೀಟ್ ಸೇತುವೆ. ಅದಕ್ಕಿಂತ ಹಿಂದಿನದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಅಮೆರಿಕದ ಅರಿಜೋನಾಗೆ ಮಾರಿಬಿಟ್ಟರು, ಅಲ್ಲಿ ಈಗಲೂ ನಿಂತಿದೆ. ಎರಡು ಗೋಪುರ ಇರುವ ಚೆಂದದ್ದು ಮುಂದಿನದು, 1894ರ ಟವರ್ ಬ್ರಿಜ್. ದೊಡ್ಡ ಹಡಗು ಬಂದರೆ ಅದರ ರಸ್ತೆಯೇ ಎರಡು ಭಾಗವಾಗಿ ಮೇಲೇಳುತ್ತದೆ. ವರ್ಷಕ್ಕೆ ಸುಮಾರು 800 ಸಲ. ಯಾವ ದಿನ ಎಷ್ಟು ಗಂಟೆಗೆ ಅಂತ ಮೊದಲೇ ಪ್ರಕಟಿಸುತ್ತಾರೆ, ನೋಡಿಕೊಂಡು ಹೋಗಿ. 1952ರ ಡಿಸೆಂಬರ್‌ನಲ್ಲಿ ಒಂದು ಬಸ್ಸು ಮೇಲಿರುವಾಗಲೇ ಸೇತುವೆ ಏಳತೊಡಗಿತು. ಚಾಲಕ ಆಲ್ಬರ್ಟ್ ಗಂಟರ್ ನಿಲ್ಲಿಸುವ ಬದಲು ವೇಗ ಹೆಚ್ಚಿಸಿ ಬಸ್ಸನ್ನು ಆಚೆ ಕಡೆಗೆ ಹಾರಿಸಿದರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಇನಾಮು 10 ಪೌಂಡ್.

ಸೇತುವೆ ಪಕ್ಕದ ಕೋಟೆಯೇ ಟವರ್ ಆಫ್ ಲಂಡನ್. ನೀರಿನ ಮಟ್ಟದಲ್ಲಿ ಒಂದು ಕಮಾನು ಬಾಗಿಲು ಕಾಣುತ್ತದೆ, ಟ್ರೇಟರ್ಸ್ ಗೇಟ್. ರಾಜದ್ರೋಹದ ಕೈದಿಗಳನ್ನು ದೋಣಿಯಲ್ಲಿ ಅಲ್ಲಿಂದ ಒಳಗೆ ತರುತ್ತಿದ್ದರು. ನಮ್ಮ ಕೊಹಿನೂರ್ ಇರುವುದೂ ಆ ಕೋಟೆಯೊಳಗೆ, ರಾಜಮಾತೆಯ ಕಿರೀಟದಲ್ಲಿ.

ಇನ್ನು ಅಪ್ಪನ ಪ್ರಶ್ನೆ. ಬಸವೇಶ್ವರ ಪುತ್ಥಳಿ ಇರುವುದು ಲ್ಯಾಂಬೆತ್ ಸೇತುವೆಯ ಆಚೆ, ದಕ್ಷಿಣ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ತೋಟದಲ್ಲಿ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಅನಾವರಣ ಮಾಡಿದ್ದು. ಎಲ್ಲಾ ಲಂಚ್ ದೋಣಿಗಳು ಅಲ್ಲಿಯವರೆಗೆ ಹೋಗುವುದಿಲ್ಲ. ಹೋದರೂ ದೋಣಿಯಿಂದ ನೋಡುವ ಆಸೆ ಇಟ್ಟುಕೊಳ್ಳಬೇಡಿ, ಮಧ್ಯೆ ಗೋಡೆ ಇದೆ. ಅದನ್ನು ಎದುರಿಗೆ ನಿಂತೇ ನೋಡಬೇಕು. ದೋಣಿ ಇಳಿದ ಮೇಲೆ ಟ್ಯಾಕ್ಸಿ ಮಾಡಿಕೊಂಡು ಹೋಗಿ. ನಡೆಯಬಲ್ಲವರಿಗೆ ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ದಕ್ಷಿಣ ದಡದ ದಾರಿ ಚೆನ್ನಾಗಿದೆ. ಕೋವಿಡ್‌ನಲ್ಲಿ ತೀರಿಹೋದವರಿಗಾಗಿ ಜನ ಕೆಂಪು ಹೃದಯಗಳನ್ನು ಬರೆದ ಸುಮಾರು ಅರ್ಧ ಕಿಲೋಮೀಟರ್ ಉದ್ದದ ಗೋಡೆ ಆ ದಾರಿಯಲ್ಲೇ ಇದೆ.

ಮಳೆಬಿಲ್ಲು

ನನಗೆ ನೀರು ಕಂಡರೆ ಭಯ. ನನ್ನಂಥವರು ಹೋಗಬಹುದಾ? ದೋಣಿ ಓಲಾಡುತ್ತದಾ? ಲೈಫ್ ಜಾಕೆಟ್ ಹಾಕಿಸುತ್ತಾರಾ?

ನಕಾಶೆ

ಓಲಾಟ ಬಹಳ ಕಡಿಮೆ. ಬೇರೆ ದೋಣಿ ಪಕ್ಕದಲ್ಲಿ ಹೋದಾಗ ಸ್ವಲ್ಪ ಅಲುಗುತ್ತದೆ. ಜಾಕೆಟ್ ಮೈಮೇಲೆ ಹಾಕಿಸುವುದಿಲ್ಲ, ದೋಣಿಯಲ್ಲಿ ಇಟ್ಟಿರುತ್ತಾರೆ. ಎಲ್ಲಿದೆ ಅಂತ ಹೊರಡುವಾಗ ಹೇಳುತ್ತಾರೆ, ಆಗ ಮಾತು ನಿಲ್ಲಿಸಿ ಕೇಳಿಸಿಕೊಳ್ಳಿ.

ಇದನ್ನು ಹೇಳಲು ಕಾರಣ ಇದೆ. 1989ರ ಆಗಸ್ಟ್ 20ರ ನಸುಕಿನಲ್ಲಿ ಮಾರ್ಷನೆಸ್ ಅನ್ನುವ ವಿಹಾರದ ದೋಣಿಗೆ ಮರಳೆತ್ತುವ ಹಡಗು ಡಿಕ್ಕಿ ಹೊಡೆದು 51 ಜನ ತೀರಿಕೊಂಡರು. ಊರಿನ ನಟ್ಟನಡುವೆ. ಆಮೇಲೆ ತುಂಬಾ ಬದಲಾಯಿತು. 2002ರಿಂದ ಥೇಮ್ಸ್ ಮೇಲೆ ಆರ್‌ಎನ್‌ಎಲ್‌ಐ ಅನ್ನುವ ಸೇವಾ ಸಂಸ್ಥೆಯವರ ಜೀವರಕ್ಷಕ ದೋಣಿಗಳು ಹಗಲೂ ರಾತ್ರಿ ತಯಾರಿರುತ್ತವೆ. ವಾಟರ್‌ಲೂ ಸೇತುವೆ ಪಕ್ಕದಲ್ಲೇ ಅವರ ಒಂದು ಠಾಣೆ ಕಾಣುತ್ತದೆ. ನೀವು ಧೈರ್ಯವಾಗಿ ಹೋಗಿ ಬನ್ನಿ. ಬಾಗಿಲ ಹತ್ತಿರದ ಟೇಬಲ್ ಕೇಳಿ, ಒಳಗೆ ಕೂತರೆ ಹೋಟೆಲಿನಲ್ಲಿ ಕೂತ ಹಾಗೇ ಇರುತ್ತದೆ.

ಗಾಳಿಪಟ

ಸ್ವೆಟರ್! ದಡದಲ್ಲಿ ಬಿಸಿಲಿದ್ದರೂ ಡೆಕ್ ಮೇಲೆ ಗಾಳಿ ತಣ್ಣಗೆ ಹೊಡೆಯುತ್ತದೆ. ಹಿರಿಯರಿಗೆ ಕಿವಿ ಮುಚ್ಚುವ ಟೋಪಿ ಇರಲಿ.

ಹೊಳೆದಂಡೆ

ಸಂಜೆಮಲ್ಲಿಗೆ ಅವರೇ, ಒಂದು ಸುಲಭದ ಲೆಕ್ಕ ಹೇಳಲು ಮರೆತಿದ್ದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಲಂಡನ್ ಬ್ರಿಜ್ ಹತ್ತಿರ ಹಗಲಿನ ಉಬ್ಬರ ಬರುವುದು ಮಧ್ಯಾಹ್ನ ಎರಡರಿಂದ ಮೂರು ಗಂಟೆ ಹೊತ್ತಿಗೆ. ದಿನ ಕಳೆದಂತೆ ಮುಕ್ಕಾಲು ಗಂಟೆಯಷ್ಟು ತಡವಾಗುತ್ತಾ ಹೋಗುತ್ತದೆ. ಅಂದರೆ ಹುಣ್ಣಿಮೆಗೆ ಒಂದೆರಡು ದಿನ ಮುಂಚೆ ಹೋದರೆ ಉಬ್ಬರ ಸರಿಯಾಗಿ ಊಟದ ಹೊತ್ತಿಗೆ ಬರುತ್ತದೆ. ಇದು ಅಂದಾಜಿಗೆ ಮಾತ್ರ. ಕೊನೆಗೆ ವೇಳಾಪಟ್ಟಿಯನ್ನೇ ನಂಬಿ.

ಸಂಜೆಮಲ್ಲಿಗೆ

ಇದನ್ನು ಅಪ್ಪನಿಗೆ ಓದಿ ಹೇಳಿದೆ. ಎದ್ದು ಹೋಗಿ ಪಂಚಾಂಗ ತಂದರು. "ಹಾಗಾದರೆ ತ್ರಯೋದಶಿ" ಅಂದರು. ಆಮೇಲೆ ವೇಳಾಪಟ್ಟಿ ತೆಗೆದು ನೋಡಿದೆ. ಅವತ್ತಿನ ಉಬ್ಬರ ಒಂದೂವರೆ ಗಂಟೆ ಹತ್ತಿರ! ನಮ್ಮ ದೋಣಿ ಹನ್ನೆರಡೂವರೆಗೆ. ಟಿಕೆಟ್ ಕಾದಿರಿಸಿದೆ.

ಸಂಜೆಮಲ್ಲಿಗೆ

ನಿನ್ನೆ ಹೋಗಿ ಬಂದೆವು. ಹೋಟೆಲ್ ರೂಮಿನಿಂದ ಬರೆಯುತ್ತಿದ್ದೇನೆ, ಎಲ್ಲರೂ ಮಲಗಿದ್ದಾರೆ.

ರ‍್ಯಾಂಪ್ ಹತ್ತಿರ ಹೋದಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಸ್ವಲ್ಪವೇ ಇಳಿಜಾರು ಇತ್ತು. ಅಮ್ಮ ಒಂದು ಕೈ ಕಂಬಿ ಮೇಲೆ, ಒಂದು ಕೈ ನನ್ನ ಭುಜದ ಮೇಲೆ ಇಟ್ಟು ನಡೆದೇ ಹೋದರು. ಎರಡೂ ಕಾಲು ಗಂಟೆಗೆ ವಾಪಸ್ ಬಂದಾಗಲೂ ಹೆಚ್ಚುಕಡಿಮೆ ಹಾಗೇ ಇತ್ತು. ಹೊಳೆದಂಡೆ ಸರ್, ನಿಮಗೆ ಅಮ್ಮ ನಮಸ್ಕಾರ ತಿಳಿಸಲು ಹೇಳಿದ್ದಾರೆ.

ತೊಂದರೆ ಆಗಲಿಲ್ಲ ಅಂತಲ್ಲ. ಕಿಟಕಿ ಪಕ್ಕದ ಟೇಬಲ್‌ಗೆ ಹೆಚ್ಚು ದುಡ್ಡು ಕೊಟ್ಟಿದ್ದೆವು. ಹೋದಾಗ ನಮ್ಮ ಹೆಸರು ನಡುವಿನ ಟೇಬಲ್ ಮೇಲಿತ್ತು. ಅಮ್ಮನ ವೀಗನ್ ಊಟವೂ ಅವರ ಪಟ್ಟಿಯಲ್ಲಿ ಇರಲಿಲ್ಲ. ನನಗೆ ಅಳುವೇ ಬಂತು. ಕಾಜಾಣ ಅವರು ಹೇಳಿದ ಹಾಗೆ ಇಮೇಲ್ ಉತ್ತರವನ್ನು ಫೋನಿನಲ್ಲಿ ಇಟ್ಟುಕೊಂಡಿದ್ದೆ, ತೋರಿಸಿದೆ. ಊಟ ಹೇಗೋ ಹೊಂದಿಸಿದರು. ಬೇಯಿಸಿದ ತರಕಾರಿ, ಅಣಬೆ, ಆಲೂಗಡ್ಡೆ, ಕೊನೆಗೆ ಹಣ್ಣು. ಟೇಬಲ್ ಮಾತ್ರ ಬದಲಾಗಲಿಲ್ಲ. ಆ ಹೆಚ್ಚಿನ ದುಡ್ಡು ವಾಪಸ್ ಕೇಳಿ ಬರೆದಿದ್ದೇನೆ.

ಅಷ್ಟಾದರೂ ನಡುವಿನ ಟೇಬಲ್‌ನಿಂದಲೇ ಎರಡೂ ದಡ ಕಂಡಿತು. ನೀರು ತುಂಬಿತ್ತಲ್ಲ, ದೋಣಿ ಮೇಲೆ ಎದ್ದು ನಿಂತ ಹಾಗಿತ್ತು. ತಿರುಗಾಟ ಅವರೇ, ನಮಗೂ ಸೇಂಟ್ ಪಾಲ್ಸ್ ಬಂದಾಗಲೇ ತಟ್ಟೆ ಬಂತು! ಆದರೆ ಬರುವಾಗ ಇದೆಯಲ್ಲ ಅಂತ ಗೊತ್ತಿದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಬರುವಾಗ ಎಲ್ಲರೂ ಡೆಕ್ ಮೇಲೆ ಹೋದೆವು. ಮೆಟ್ಟಿಲು ಕಿರಿದು, ಅಮ್ಮ ನಿಧಾನವಾಗಿ ಹತ್ತಿದರು. ಮೇಲೆ ಬೆಂಚು ಇತ್ತು. ಮಗ ಸಿಂಹಗಳನ್ನು ಎಣಿಸುತ್ತಾ, ನೀರು ಅವುಗಳ ಬಾಯಿಗೆ ಎಷ್ಟು ಹತ್ತಿರ ಬಂದಿದೆ ಅಂತ ನೋಡುತ್ತಿದ್ದ. ವಾಟರ್‌ಲೂ ಸೇತುವೆ ಬಂದಾಗ ನಾನು ಹೆಂಗಸರ ಕಥೆ ಹೇಳಿದೆ. ಅಮ್ಮ ಕತ್ತು ಎತ್ತಿ, ಅದರ ಅಡಿಯಲ್ಲಿ ಪೂರ್ತಿ ಹಾದುಹೋಗುವವರೆಗೂ ಮೇಲೇ ನೋಡುತ್ತಿದ್ದರು. "ಎಷ್ಟು ಭಾರದ ಕಲ್ಲು" ಅಂದರು. ಅಷ್ಟೇ. ನಾನು ಅವರನ್ನು ಮದುವೆ, ಮುಂಜಿ, ಆಸ್ಪತ್ರೆ ಬಿಟ್ಟು ಬೇರೆಲ್ಲೂ ಇಷ್ಟು ಹೊತ್ತು ಕೂತಿದ್ದು ನೋಡಿಲ್ಲ. ಎರಡು ಗಂಟೆ ಯಾರಿಗೂ ಏನೂ ಬಡಿಸದೆ ಕೂತಿದ್ದರು.

ಆಮೇಲೆ ಟ್ಯಾಕ್ಸಿಯಲ್ಲಿ ಲ್ಯಾಂಬೆತ್ ಕಡೆ ಹೋದೆವು. ಅಲ್ಲಿನ ಕಪ್ಪು ಟ್ಯಾಕ್ಸಿಯೊಳಗೆ ಕಾಲು ಚಾಚಲು ಒಳ್ಳೆ ಜಾಗ, ಗಾಲಿಕುರ್ಚಿಯೂ ಹತ್ತುತ್ತದೆ. ಬಸವಣ್ಣನವರ ಎದುರು ಅಪ್ಪ ಚಪ್ಪಲಿ ಬಿಟ್ಟು ನಿಂತರು. ಹೊಳೆಯ ಆಚೆ ಪಾರ್ಲಿಮೆಂಟ್ ಕಾಣುತ್ತದೆ. ಅನುಭವ ಮಂಟಪದವರನ್ನು ಪಾರ್ಲಿಮೆಂಟ್ ಎದುರೇ ಕೂರಿಸಿದ್ದಾರೆ ಅಂತ ಅಪ್ಪ ಮೊಮ್ಮಗನಿಗೆ ಹೇಳಿದರು. ಹನ್ನೆರಡನೇ ಶತಮಾನದಲ್ಲಿ ಹೆಂಗಸರೂ ಗಂಡಸರೂ, ಎಲ್ಲಾ ಕಸುಬಿನವರೂ ಒಟ್ಟಿಗೆ ಕೂತು ಮಾತಾಡುತ್ತಿದ್ದ ಜಾಗ ಅಂತ ವಿವರಿಸಿದರು. ಅವನು ತುಂಬಾ ಹೊತ್ತು ಪ್ರಶ್ನೆ ಕೇಳಿದ. ನಾನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ.

ತಿರುಗಾಟ

ಓದಿ ಖುಷಿಯಾಯಿತು. ನನ್ನ ಮಾತು ನನ್ನಂಥ ಓಡಾಡುವವರಿಗೆ ಸರಿ, ನಿಮ್ಮ ಅಮ್ಮನಿಗೆ ಅಲ್ಲ. ಮುಂದಿನ ಸಲ ನನ್ನ ತಂದೆ ತಾಯಿಯನ್ನು ಕರೆದುಕೊಂಡು ಹೋಗುವಾಗ ನಾನೂ ಇದನ್ನೇ ಮಾಡುತ್ತೇನೆ. ಟೇಬಲ್ ದುಡ್ಡು ಬಿಡಬೇಡಿ, ಟಿಕೆಟ್‌ನಲ್ಲಿ ಏನು ಬರೆದಿತ್ತು ಅನ್ನುವುದರ ಚಿತ್ರ ಸೇರಿಸಿ ಕಳಿಸಿ.

ಮಳೆಬಿಲ್ಲು

ನಾವು ಡಿಸೆಂಬರ್ ಕೊನೆ ವಾರ ಹೋಗುತ್ತಿದ್ದೇವೆ. ಅದೇ ತ್ರಯೋದಶಿ ಲೆಕ್ಕ ನಡೆಯುತ್ತದಾ?

ಹೊಳೆದಂಡೆ

ಚಳಿಗಾಲದಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ತ್ರಯೋದಶಿ ದಿನದ ಉಬ್ಬರ ಹನ್ನೆರಡೂವರೆ ಆಸುಪಾಸಿಗೇ ಬಂದುಬಿಡುತ್ತದೆ, ನೀವು ಇಳಿಯುವಾಗ ನೀರು ತಗ್ಗಿರುತ್ತದೆ. ಚತುರ್ದಶಿ ಅಥವಾ ಹುಣ್ಣಿಮೆಯ ದಿನ ನೋಡಿ. ಮತ್ತೆ ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತದೆ, ಮಧ್ಯಾಹ್ನ ತಡವಾಗಿ ಹೊರಡುವ ದೋಣಿ ಬೇಡ. ಕ್ರಿಸ್‌ಮಸ್ ದಿನ ಹೋಗಬೇಡಿ, ಅವತ್ತು ರೈಲು ಬಸ್ಸು ಓಡುವುದಿಲ್ಲ, ಪಿಯರ್ ತಲುಪುವುದೇ ಕಷ್ಟ. ನಿಮ್ಮ ತಾರೀಖುಗಳನ್ನು ಇಲ್ಲಿ ಹಾಕಿ, ವೇಳಾಪಟ್ಟಿ ನೋಡಿ ಹೇಳುತ್ತೇನೆ.